ಸುತ್ತಿಗೆ ಎತ್ತುವ ಮುನ್ನ: ಹಳೇ ಮನೆ ನವೀಕರಣದ ಲೆಕ್ಕಾಚಾರ

ಹಳೇ ಮನೆಯನ್ನು ಹೊಸದು ಮಾಡಿಸಲು ಹೊರಟವರು ಮೊದಲು ಕೇಳುವ ಪ್ರಶ್ನೆ, "ಚದರಡಿಗೆ ಎಷ್ಟಾಗುತ್ತೆ?" ಖಾಲಿ ಸೈಟಿನಲ್ಲಿ ಕಟ್ಟಿಸುವವರಿಗೆ ಇದಕ್ಕೊಂದು ಅಂದಾಜು ಉತ್ತರವಾದರೂ ಸಿಗುತ್ತದೆ. ನವೀಕರಣದಲ್ಲಿ ಅದೂ ಸಿಗುವುದಿಲ್ಲ. ಒಂದೇ ಬೀದಿಯಲ್ಲಿ, ಒಂದೇ ಅಳತೆಯಲ್ಲಿ, ಒಂದೇ ಕಾಲಕ್ಕೆ ಕಟ್ಟಿದ ಎರಡು ಮನೆಗಳಲ್ಲಿ ಒಂದರ ತಾರಸಿ ಗಟ್ಟಿಯಾಗಿರುತ್ತದೆ, ಇನ್ನೊಂದರಲ್ಲಿ ಕಂಬಿ ತುಕ್ಕು ಹಿಡಿದು ಸಿಮೆಂಟು ಉದುರುತ್ತಿರುತ್ತದೆ. ಖರ್ಚನ್ನು ತೀರ್ಮಾನಿಸುವುದು ಎರಡು ಸಂಗತಿ: ಗೋಡೆಯೊಳಗೆ ಏನಿದೆ ಎಂಬುದು ಒಂದು, ಯಾವ ನಿರ್ಧಾರವನ್ನು ಯಾವಾಗ ಮಾಡುತ್ತೀರಿ ಎಂಬುದು ಇನ್ನೊಂದು.

ಎರಡನೆಯದು ಪೂರ್ತಿ ನಿಮ್ಮ ಕೈಯಲ್ಲಿದೆ. ಅಡುಗೆಮನೆಯ ಸಿಂಕನ್ನು ಕಿಟಕಿಯ ಕೆಳಗಿನಿಂದ ಪಕ್ಕದ ಗೋಡೆಗೆ ಸರಿಸಬೇಕೆಂದು ನಕ್ಷೆ ಬರೆಯುವಾಗ ಹೇಳಿದರೆ ಡಿಸೈನರ್‌ಗೆ ಅರ್ಧ ಗಂಟೆಯ ಕೆಲಸ. ಟೈಲ್ಸ್ ಹಾಕಿದ ಮೇಲೆ ಹೇಳಿದರೆ ಪ್ಲಂಬರ್, ಗಾರೆಯವರು, ಟೈಲ್ಸ್‌ನವರು ಮೂವರೂ ಮತ್ತೆ ಬರಬೇಕು. ಒಡೆದದ್ದಕ್ಕೂ ಕೂಲಿ, ಕಟ್ಟಿದ್ದಕ್ಕೂ ಕೂಲಿ. ಡಿಸೈನರ್‌ಗೆ ಕೊಡುವ ಫೀಸನ್ನು ಮನೆ ಚಂದ ಕಾಣಲಿ ಎಂದು ಕೊಡುವ ಹಣವೆಂದೇ ಹಲವರು ತಿಳಿದಿದ್ದಾರೆ. ಅದರ ದೊಡ್ಡ ಲಾಭ ಬೇರೆ: ಒಡೆಯುವ ಮೊದಲೇ ನಿರ್ಧಾರಗಳನ್ನೆಲ್ಲ ಕಾಗದದ ಮೇಲೆ ಮುಗಿಸಿಕೊಳ್ಳುವುದು.

ಮೊದಲು ಮನೆಯ ತಪಾಸಣೆ

ಟೈಲ್ಸ್ ಅಂಗಡಿಗೆ ಹೋಗುವ ಮೊದಲು ಮನೆಯನ್ನೇ ಓದಬೇಕು. ಮಳೆಗಾಲದಲ್ಲಿ ಅಥವಾ ಮಳೆ ಮುಗಿದ ಕೂಡಲೇ ನೋಡಿದರೆ ಮನೆ ಏನನ್ನೂ ಮುಚ್ಚಿಡುವುದಿಲ್ಲ. ಮೋಲ್ಡಿನ ತಳದಲ್ಲಿ ಕಂದು ಗೆರೆ ಕಂಡರೆ ಒಳಗೆ ಕಂಬಿ ತುಕ್ಕು ಹಿಡಿಯುತ್ತಿರಬಹುದು. ಬಚ್ಚಲಿನ ಹೊರಗೋಡೆಯಲ್ಲಿ ಬಣ್ಣ ಉಬ್ಬಿದ್ದರೆ ನೀರು ಒಳಗಿನಿಂದ ಜಿನುಗುತ್ತಿದೆ ಎಂದರ್ಥ. ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಕಂಡರೆ ನೆಲದ ತೇವ ಮೇಲೇರುತ್ತಿದೆ. ಇವನ್ನು ಸರಿಪಡಿಸದೆ ಪುಟ್ಟಿ, ಬಣ್ಣ ಬಳಿದರೆ ಮುಂದಿನ ಮಳೆಗಾಲಕ್ಕೆ ಆ ದುಡ್ಡು ಹೋದಂತೆ.

ನೀರಿನ ಪೈಪು ನೋಡಿ. ಹಳೇ ಮನೆಗಳಲ್ಲಿ ಜಿಐ ಪೈಪುಗಳೇ ಹೆಚ್ಚು. ವರ್ಷ ಕಳೆದಂತೆ ಒಳಗೆ ತುಕ್ಕು, ಸುಣ್ಣ ಕಟ್ಟಿ ನೀರು ಸಣ್ಣಗೆ ಬರುತ್ತದೆ. ಬಚ್ಚಲು ಒಡೆಯುವುದಿದ್ದರೆ ಅದೇ ಸಮಯದಲ್ಲಿ ಸಿಪಿವಿಸಿಗೆ ಬದಲಾಯಿಸಿಕೊಳ್ಳುವುದು ಜಾಣತನ.

ಕರೆಂಟ್ ಬಿಲ್ಲು ತೆಗೆದು ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಎಷ್ಟೋ ಹಳೇ ಮನೆಗಳಲ್ಲಿ ಅದು ಒಂದೆರಡು ಕಿಲೋವಾಟ್ ಮಾತ್ರ. ಒಂದು ಗೀಸರ್ ಸುಮಾರು 2 ಕಿಲೋವಾಟ್, ಇಂಡಕ್ಷನ್ ಒಲೆಯೂ ಹೆಚ್ಚುಕಡಿಮೆ ಅಷ್ಟೇ, ಒಂದೂವರೆ ಟನ್ ಎಸಿ ಒಂದೂವರೆ ಕಿಲೋವಾಟ್ ಆಸುಪಾಸು. ಹೊಸ ಅಡುಗೆಮನೆ, ಹೊಸ ಎಸಿ ಯೋಚನೆ ಇದ್ದರೆ ಲೋಡ್ ಹೆಚ್ಚಿಸಲು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಹೀಗೆ ನಿಮ್ಮ ಭಾಗದ ಕಂಪನಿಗೆ ಅರ್ಜಿ ಹಾಕಬೇಕು; ಆ ಶುಲ್ಕವೂ ಬಜೆಟ್ಟಿನಲ್ಲಿರಬೇಕು. ಹಳೇ ವೈರಿಂಗ್ ಬದಲಾಯಿಸುವಾಗ ಲೈಟು, ಫ್ಯಾನಿಗೆ 1.5, ದೊಡ್ಡ ಪ್ಲಗ್ಗಿಗೆ 2.5, ಎಸಿ, ಗೀಸರ್‌ಗೆ 4 ಚದರ ಮಿಲಿಮೀಟರ್ ತಾಮ್ರದ ವೈರು ಎನ್ನುವುದು ರೂಢಿ. ಅರ್ತಿಂಗ್ ಪರೀಕ್ಷೆ ಮಾಡಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಷಾಕ್ ಹೊಡೆದಾಗ ಜೀವ ಉಳಿಸುವುದು ಅದು. ಇದರಲ್ಲಿ ಉಳಿತಾಯ ಬೇಡ.

ಗೋಡೆ ತೆಗೆಸುವ ಆಸೆ ಇದ್ದರೆ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಲೇಬೇಕು. ಪಿಲ್ಲರ್ ಇಲ್ಲದ ಹಳೇ ಮನೆಗಳಲ್ಲಿ ಒಂಬತ್ತು ಇಂಚಿನ ಗೋಡೆ, ಸೈಜುಗಲ್ಲಿನ ಗೋಡೆಗಳೇ ತಾರಸಿಯ ಭಾರ ಹೊತ್ತಿರುತ್ತವೆ. ನಾಲ್ಕೂವರೆ ಇಂಚಿನದು ಸಾಮಾನ್ಯವಾಗಿ ಬರೀ ಅಡ್ಡಗೋಡೆ, ಆದರೆ ದಪ್ಪ ನೋಡಿ ನಾವೇ ತೀರ್ಮಾನಿಸುವಂತಿಲ್ಲ. ಅಲ್ಯೂಮಿನಿಯಂ ಫಾರ್ಮ್‌ವರ್ಕಿನಲ್ಲಿ ಕಟ್ಟಿದ ಹೊಸ ಅಪಾರ್ಟ್‌ಮೆಂಟುಗಳಲ್ಲಂತೂ ಒಳಗೋಡೆಗಳೂ ಕಾಂಕ್ರೀಟು, ಅವೂ ಕಟ್ಟಡದ ಭಾರ ಹೊರುತ್ತವೆ. ಅಲ್ಲಿ ಪೈಪಿಗೆಂದು ಗೋಡೆ ಕೊರೆಯುವುದೂ ಅಪಾಯ.

ಯಾರನ್ನು ಕರೆಯಬೇಕು?

ಆರ್ಕಿಟೆಕ್ಟ್ ಎಂಬ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳುವಂತಿಲ್ಲ. 1972ರ ಆರ್ಕಿಟೆಕ್ಟ್ಸ್ ಆಕ್ಟ್ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇರಬೇಕು. ನೋಂದಣಿ ಸಂಖ್ಯೆ ಕೇಳಿ ನೋಡುವ ಹಕ್ಕು ನಿಮಗಿದೆ. ಇಂಟೀರಿಯರ್ ಡಿಸೈನರ್ ಎಂಬ ಹೆಸರಿಗೆ ಅಂಥ ಕಾನೂನಿನ ಬೇಲಿ ಇಲ್ಲ. ಹಾಗೆಂದು ಅವರು ಕಡಿಮೆ ಎಂದಲ್ಲ. ಅವರು ಮಾಡಿದ ಮನೆಗಳನ್ನು ನೀವೇ ಹೋಗಿ ನೋಡಬೇಕು ಅಷ್ಟೆ. ಹೊಸದಾಗಿ ಮುಗಿದ ಮನೆಗಿಂತ ಮೂರ್ನಾಲ್ಕು ವರ್ಷ ಬಳಕೆಯಾದ ಮನೆ ಹೆಚ್ಚು ಸತ್ಯ ಹೇಳುತ್ತದೆ. ಸಿಂಕಿನ ಕೆಳಗಿನ ಪ್ಲೈವುಡ್ ಉಬ್ಬಿದೆಯೇ, ಡ್ರಾಯರ್ ಸರಾಗವಾಗಿ ಎಳೆಯುತ್ತದೆಯೇ, ಬಚ್ಚಲಿನಲ್ಲಿ ನೀರು ಜಾಲರಿಯ ಕಡೆಗೇ ಹರಿಯುತ್ತದೆಯೇ ನೋಡಿ. ಆ ಮನೆಯವರಲ್ಲಿ ಒಂದು ಮಾತು ಕೇಳಿ: "ಮೊದಲು ಹೇಳಿದ ಮೊತ್ತಕ್ಕೂ ಕೊನೆಗಾದ ಮೊತ್ತಕ್ಕೂ ಎಷ್ಟು ವ್ಯತ್ಯಾಸ ಬಂತು, ಯಾಕೆ ಬಂತು?"

ಗೋಡೆ, ತಾರಸಿ, ಮೆಟ್ಟಿಲು ಮುಟ್ಟುವ ಕೆಲಸವಾದರೆ ಆರ್ಕಿಟೆಕ್ಟ್ ಮತ್ತು ಸ್ಟ್ರಕ್ಚರಲ್ ಇಂಜಿನಿಯರ್ ಬೇಕು. ಒಳಗಿನ ಮರಗೆಲಸ, ಬೆಳಕು, ಬಣ್ಣ, ಅಡುಗೆಮನೆ ಮಾತ್ರವಾದರೆ ಇಂಟೀರಿಯರ್ ಡಿಸೈನರ್ ಸಾಕು.

ಫೀಸು ಸಾಮಾನ್ಯವಾಗಿ ಮೂರು ಬಗೆ: ಕೆಲಸದ ಮೊತ್ತದ ಮೇಲೆ ಶೇಕಡಾವಾರು, ಚದರಡಿ ಲೆಕ್ಕ, ಅಥವಾ ಒಟ್ಟಾರೆ ಇಷ್ಟು ಎಂಬ ನಿಗದಿ. ಶೇಕಡಾವಾರಿನಲ್ಲಿ ನಿಮ್ಮ ಖರ್ಚು ಏರಿದಂತೆ ಅವರ ಫೀಸೂ ಏರುತ್ತದೆ. ಆದ್ದರಿಂದ ಸಣ್ಣ ನವೀಕರಣಕ್ಕೆ ನಿಗದಿತ ಮೊತ್ತವೇ ಎರಡೂ ಕಡೆಗೆ ನೆಮ್ಮದಿ. ಡಿಸೈನೂ ಅವರದೇ, ಕೆಲಸವೂ ಅವರದೇ ಎನ್ನುವ ಟರ್ನ್‌ಕೀ ಪದ್ಧತಿಯೂ ಇದೆ. ಓಡಾಟ ಕಡಿಮೆಯಾಗುತ್ತದೆ, ಆದರೆ ಕೆಲಸ ಮಾಡುವವರು ಮತ್ತು ಅದನ್ನು ಪರಿಶೀಲಿಸುವವರು ಒಬ್ಬರೇ ಆಗುತ್ತಾರೆ. ಅಂಗಡಿಗಳಿಂದ ಕಮಿಷನ್ ಪಡೆಯುತ್ತಾರೆಯೇ ಎಂದೂ ಮೊದಲೇ ಕೇಳಿ. ಪ್ರಾಮಾಣಿಕವಾಗಿ ಕೆಲಸ ಮಾಡುವವರಿಗೆ ಈ ಪ್ರಶ್ನೆ ಕಹಿಯಾಗುವುದಿಲ್ಲ.

ಕೈಯಲ್ಲಿರುವ ಹಣ, ಕೆಲಸಕ್ಕೆ ಸಿಗುವ ಹಣ

ಹೆಚ್ಚಿನ ಬಜೆಟ್ಟುಗಳು ಮುಗ್ಗರಿಸುವುದು ಇಲ್ಲೇ. ಒಂದು ಉದಾಹರಣೆ ಇಟ್ಟುಕೊಂಡು ಲೆಕ್ಕ ಮಾಡೋಣ. 30x40 ಸೈಟಿನಲ್ಲಿ ಸುಮಾರು 900 ಚದರಡಿಯ, ಎರಡು ಕೋಣೆಯ, ಮೂವತ್ತು ವರ್ಷದ ಮನೆ. ಮನೆಯವರ ಕೈಯಲ್ಲಿರುವುದು 18 ಲಕ್ಷ ರೂಪಾಯಿ.

ಮೊದಲು ಶೇ 15ರಷ್ಟು, ಅಂದರೆ 2.70 ಲಕ್ಷವನ್ನು ಪಕ್ಕಕ್ಕಿಡಿ. ಇದು ಗೋಡೆ ಒಡೆದಾಗ ಕಾಣಿಸಿಕೊಳ್ಳುವ ತೊಂದರೆಗಳಿಗೆ ಮೀಸಲು. ತೀರಾ ಹಳೇ ಮನೆಯಾದರೆ ಶೇ 20 ಇರಲಿ. ಉಳಿದದ್ದು 15.30 ಲಕ್ಷ. ಡಿಸೈನರ್ ಫೀಸು 1 ಲಕ್ಷ, ಅದಕ್ಕೆ ಶೇ 18 ಜಿಎಸ್‌ಟಿ ಸೇರಿ 1.18 ಲಕ್ಷ. ನಾಲ್ಕು ತಿಂಗಳು ಬೇರೆ ಕಡೆ ವಾಸ: ತಿಂಗಳಿಗೆ 18 ಸಾವಿರ ಬಾಡಿಗೆಯಂತೆ 72 ಸಾವಿರ, ಸಾಮಾನು ಸಾಗಿಸಲು ಹೋಗಿಬರುವ ಖರ್ಚು 20 ಸಾವಿರ, ಒಟ್ಟು 92 ಸಾವಿರ. ಈಗ ಉಳಿದದ್ದು 13.20 ಲಕ್ಷ. ಜಿಎಸ್‌ಟಿ ನೋಂದಣಿ ಇರುವ ಗುತ್ತಿಗೆದಾರರು ಸಾಮಗ್ರಿ ಸಮೇತ ಮಾಡುವ ನವೀಕರಣಕ್ಕೆ ಶೇ 18 ತೆರಿಗೆ ಬೀಳುತ್ತದೆ. 13.20 ಲಕ್ಷದಲ್ಲಿ ತೆರಿಗೆ ಕಳೆದರೆ ಕೆಲಸಕ್ಕೆ ಸಿಗುವುದು ಸುಮಾರು 11.18 ಲಕ್ಷ.

ಹದಿನೆಂಟು ಲಕ್ಷದ ಬಜೆಟ್ ಎಂದರೆ ಹನ್ನೊಂದು ಲಕ್ಷದ ಕೆಲಸ. ಡಿಸೈನರ್ ಎದುರು ಹಿಡಿಯಬೇಕಾದ ಅಂಕಿ ಇದು. ಇದನ್ನು ಹೀಗೆ ಹಂಚಬಹುದು:

- ಒಡೆಯುವುದು, ತ್ಯಾಜ್ಯ ಸಾಗಣೆ, ಗಾರೆ ಕೆಲಸ: 1.60 ಲಕ್ಷ
- ತಾರಸಿ ಮತ್ತು ಬಚ್ಚಲುಗಳ ವಾಟರ್‌ಪ್ರೂಫಿಂಗ್: 1.40 ಲಕ್ಷ
- ಪ್ಲಂಬಿಂಗ್, ನಲ್ಲಿ, ಕಮೋಡ್ ಇತ್ಯಾದಿ: 1.70 ಲಕ್ಷ
- ವೈರಿಂಗ್, ಸ್ವಿಚ್ಚು, ಲೈಟು: 1.50 ಲಕ್ಷ
- ನೆಲ ಮತ್ತು ಗೋಡೆಯ ಟೈಲ್ಸ್: 1.60 ಲಕ್ಷ
- ಅಡುಗೆಮನೆ, ವಾರ್ಡ್‌ರೋಬ್: 2.40 ಲಕ್ಷ
- ಬಣ್ಣ: 98 ಸಾವಿರ

ಈ ಅಂಕಿಗಳು ಊರಿಗೊಂದು, ಮನೆಗೊಂದು ಬದಲಾಗುತ್ತವೆ. ಬದಲಾಗಬಾರದ್ದು ಹಂಚಿಕೆಯ ಹಿಂದಿನ ವಿಚಾರ. ಮೊದಲ ನಾಲ್ಕು ಬಾಬ್ತುಗಳೇ ಅರ್ಧಕ್ಕಿಂತ ಹೆಚ್ಚು, ಮತ್ತು ಅವುಗಳ ಬಹುಪಾಲು ಕೆಲಸ ಗೋಡೆ, ನೆಲದೊಳಗೆ ಹೋಗುವಂಥದ್ದು. ನೆಂಟರ ಕಣ್ಣಿಗೆ ಬೀಳುವುದು ಕೊನೆಯ ಮೂರು. ಹಣ ಸಾಲದಿದ್ದರೆ ಕತ್ತರಿ ಹಾಕಬೇಕಾದದ್ದು ಕೊನೆಯ ಮೂರರಲ್ಲಿ. ವಾರ್ಡ್‌ರೋಬನ್ನು ಮುಂದಿನ ವರ್ಷ ಮಾಡಿಸಬಹುದು, ಫಾಲ್ಸ್ ಸೀಲಿಂಗ್ ಇಲ್ಲದೆಯೂ ಬದುಕಬಹುದು. ಟೈಲ್ಸ್ ಕೆಳಗಿನ ಪೈಪನ್ನು ಮುಂದಿನ ವರ್ಷ ಬದಲಾಯಿಸುವುದೆಂದರೆ ಟೈಲ್ಸನ್ನು ಎರಡನೇ ಸಲ ಕೊಳ್ಳುವುದೆಂದೇ ಅರ್ಥ.

ಸಾಲ ಮಾಡುವುದಾದರೆ ಬ್ಯಾಂಕಿನ ಗೃಹ ನವೀಕರಣ ಸಾಲವನ್ನು ಮೊದಲು ವಿಚಾರಿಸಿ. ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ, ಸ್ವಂತ ವಾಸದ ಮನೆಯ ದುರಸ್ತಿ, ನವೀಕರಣ ಸಾಲದ ಬಡ್ಡಿಯ ಮೇಲೆ ವರ್ಷಕ್ಕೆ 30,000 ರೂಪಾಯಿವರೆಗೆ ಆದಾಯ ತೆರಿಗೆ ವಿನಾಯಿತಿ ಇದೆ.

ಡಿಸೈನರ್‌ಗೆ ಏನು ಹೇಳಬೇಕು?

ಬಜೆಟ್ ಹೇಳಿದರೆ ಅಷ್ಟನ್ನೂ ಖರ್ಚು ಮಾಡಿಸಿಬಿಡುತ್ತಾರೆ ಎಂಬ ಹೆದರಿಕೆಯಿಂದ ಹಲವರು ಮೊತ್ತವನ್ನು ಮುಚ್ಚಿಡುತ್ತಾರೆ. ಇದರಿಂದ ನಷ್ಟ ಮನೆಯವರಿಗೇ. ಅಂಕಿ ಗೊತ್ತಿಲ್ಲದ ಡಿಸೈನರ್ ಮೂವತ್ತು ಲಕ್ಷದ ನಕ್ಷೆ ತರುತ್ತಾರೆ. ಅದನ್ನು ಕತ್ತರಿಸುತ್ತ ಹೋದರೆ ಕೊನೆಗೆ ಉಳಿಯುವುದು ಅರೆಬರೆ ಯೋಜನೆ. ಮೀಸಲು ಹಣವನ್ನು ನಿಮ್ಮಲ್ಲೇ ಇಟ್ಟುಕೊಂಡು, ಕೆಲಸದ ಮೊತ್ತವನ್ನು ಮೊದಲ ದಿನವೇ ಸ್ಪಷ್ಟವಾಗಿ ಹೇಳಿ.

ಪತ್ರಿಕೆಯ ಚಿತ್ರಗಳನ್ನು ತೋರಿಸುವುದರ ಜತೆಗೆ ನಿಮ್ಮ ದಿನಚರಿಯನ್ನೂ ಹೇಳಿ. ಬೆಳಗ್ಗೆ ಬಚ್ಚಲಿಗೆ ಎಷ್ಟು ಜನ ಒಟ್ಟಿಗೆ ಕಾಯುತ್ತಾರೆ? ಗ್ರೈಂಡರ್, ಮಿಕ್ಸಿ ಎಲ್ಲಿ ಕೂರಬೇಕು, ಅವುಗಳ ಪ್ಲಗ್ ಎಲ್ಲಿ? ಪಾತ್ರೆ ತೊಳೆಯುವುದು ಒಳಗಿನ ಸಿಂಕಿನಲ್ಲೋ ಹಿತ್ತಲಿನಲ್ಲೋ? ವರ್ಷದ ಅಕ್ಕಿ, ಉಪ್ಪಿನಕಾಯಿ ಜಾಡಿ, ಗೌರಿ ಹಬ್ಬದ ಸಾಮಾನು, ದಸರಾ ಗೊಂಬೆಗಳಿಗೆ ಅಟ್ಟ ಬೇಕೇ? ಅಡುಗೆ ಮಾಡುವವರ ಎತ್ತರವೆಷ್ಟು? ಕಟ್ಟೆಯ ಎತ್ತರ ಅವರ ಸೊಂಟಕ್ಕೆ ಹೊಂದದಿದ್ದರೆ ದಿನವೂ ಬೆನ್ನುನೋವು.

ಮನೆಯಲ್ಲಿ ವಯಸ್ಸಾದವರಿದ್ದರೆ, ಅಥವಾ ನಿಮಗೇ ಐವತ್ತು ದಾಟಿದ್ದರೆ, ಒಂದು ಬಚ್ಚಲನ್ನಾದರೂ ಇಳಿವಯಸ್ಸಿಗೆ ಹೊಂದುವಂತೆ ಯೋಚಿಸಿ. ಬಾಗಿಲು ಮೂರು ಅಡಿ ಅಗಲ, ಹೊಸ್ತಿಲಿನ ಎತ್ತರ ಆದಷ್ಟು ಕಡಿಮೆ, ಜಾರದ ಟೈಲ್ಸ್, ಕಮೋಡ್ ಪಕ್ಕ ಗೋಡೆಯ ಆಧಾರದ ಹಿಡಿ, ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ರಾತ್ರಿ ದೀಪ. ಒಡೆದು ಕಟ್ಟುವಾಗಲೇ ಸೇರಿಸಿದರೆ ಇವುಗಳಿಗೆ ಹೆಚ್ಚು ಖರ್ಚಿಲ್ಲ. ಇಡೀ ನವೀಕರಣದಲ್ಲಿ ಮನೆಯವರ ಬದುಕನ್ನು ನಿಜಕ್ಕೂ ಹಗುರ ಮಾಡುವ ಖರ್ಚು ಇದೇ ಎಂದು ನಾನು ನಂಬುತ್ತೇನೆ.

ವಾಸ್ತು ನೋಡುವ ಮನೆಯಾದರೆ ಆ ಮಾತುಕತೆಯೂ ನಕ್ಷೆಯ ಹಂತದಲ್ಲೇ ಮುಗಿಯಲಿ. ಒಲೆಯ ದಿಕ್ಕು, ದೇವರ ಮನೆಯ ಜಾಗದ ಬಗ್ಗೆ ಹಿರಿಯರು ಟೈಲ್ಸ್ ಹಾಕಿದ ಮೇಲೆ ಆಕ್ಷೇಪ ಎತ್ತಿದರೆ ದುಡ್ಡೂ ಹೋಗುತ್ತದೆ, ಮನಸ್ಸೂ ಕೆಡುತ್ತದೆ.

ಕೊಟೇಶನ್ ಓದುವ ಬಗೆ

ನಕ್ಷೆ ಅಂತಿಮವಾದ ಮೇಲೆ ಡಿಸೈನರ್‌ರಿಂದ ಬಿಒಕ್ಯು ಕೇಳಿ. ಪ್ರತಿ ಕೆಲಸದ ಅಳತೆ, ಸಾಮಗ್ರಿ, ದರ ಬರೆದ ಪಟ್ಟಿ ಅದು. ಒಂದೇ ಪಟ್ಟಿಯನ್ನು ಮೂವರು ಗುತ್ತಿಗೆದಾರರಿಗೆ ಕೊಟ್ಟರೆ ಮಾತ್ರ ಅವರ ದರಗಳನ್ನು ಹೋಲಿಸಲು ಬರುತ್ತದೆ. "ಎಲ್ಲಾ ಸೇರಿ ಹತ್ತು ಲಕ್ಷ" ಎಂಬ ಒಂದು ಸಾಲಿನ ಕೊಟೇಶನ್ ಎಷ್ಟೇ ಅಗ್ಗವಾಗಿ ಕಂಡರೂ ಅದರ ಮೇಲೆ ಕೆಲಸ ಶುರು ಮಾಡಬೇಡಿ.

ಕೆಲವು ಕಡೆ ವಿಶೇಷ ಎಚ್ಚರ ಬೇಕು. ಮರಗೆಲಸದಲ್ಲಿ ಚದರಡಿ ದರ ಹೇಳಿದರೆ, ಮುಂಭಾಗದ ಅಳತೆಯೋ, ಒಳಗಿನ ಹಲಗೆಗಳನ್ನೂ ಸೇರಿಸಿದ ಅಳತೆಯೋ ಕೇಳಿ. ಎರಡಕ್ಕೂ ಭಾರಿ ಅಂತರವಿದೆ. ಹಿಂಜು, ಚಾನೆಲ್, ಹ್ಯಾಂಡಲ್ ಆ ದರದಲ್ಲಿ ಸೇರಿವೆಯೇ? ಸಿಂಕಿನ ಕೆಳಗೆ, ಬಚ್ಚಲಿನ ಪಕ್ಕ ಐಎಸ್ 710 ಗುರುತಿನ ನೀರು ತಾಳುವ ಪ್ಲೈವುಡ್ ಇರಲಿ. ಒಣ ಕೋಣೆಯ ವಾರ್ಡ್‌ರೋಬಿಗೆ ಐಎಸ್ 303ರ ಪ್ಲೈವುಡ್ ಸಾಕು. ಎಲ್ಲ ಕಡೆಯೂ ದುಬಾರಿಯದೇ ಬೇಕಿಲ್ಲ.

ಟೈಲ್ಸ್‌ಗೆ "ಬೇಸಿಕ್ ರೇಟ್ 50" ಎಂದು ಬರೆದಿದ್ದರೆ ಚದರಡಿಗೆ ಐವತ್ತು ರೂಪಾಯಿಯ ಟೈಲ್ಸ್ ಮಾತ್ರ ಲೆಕ್ಕದಲ್ಲಿದೆ ಎಂದರ್ಥ. ಅಂಗಡಿಯಲ್ಲಿ ನೀವು ತೊಂಬತ್ತರದ್ದನ್ನು ಮೆಚ್ಚಿದರೆ ಮೇಲಿನ ನಲವತ್ತು ನಿಮ್ಮದು. 900 ಚದರಡಿಗೆ ಅದೇ 36,000 ರೂಪಾಯಿ. ಕತ್ತರಿಸುವಾಗ ಹಾಳಾಗುವುದಕ್ಕೆಂದು ಸುಮಾರು ಶೇ 10 ಹೆಚ್ಚು ಕೊಳ್ಳಿ, ಕೊನೆಗೊಂದು ಬಾಕ್ಸ್ ಉಳಿಸಿಕೊಳ್ಳಿ. ಅದೇ ಬಣ್ಣದ ಟೈಲ್ಸ್ ಮುಂದೆ ಸಿಗುವ ಖಾತರಿ ಇಲ್ಲ. ವೈರಿಂಗನ್ನು ಪಾಯಿಂಟ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಪಾಯಿಂಟ್ ಎಂದರೆ ಏನೇನು, ಸ್ವಿಚ್ಚು ಯಾವ ಕಂಪನಿಯದು ಬರೆಸಿಕೊಳ್ಳಿ. ಬಣ್ಣದಲ್ಲಿ ಎಷ್ಟು ಕೋಟ್ ಪುಟ್ಟಿ, ಪ್ರೈಮರ್, ಪೇಂಟ್ ಎಂಬುದು ದರದಷ್ಟೇ ಮುಖ್ಯ.

ಅನುಮತಿ ಮತ್ತು ಅಕ್ಕಪಕ್ಕ

ಬಣ್ಣ, ಟೈಲ್ಸ್, ಒಳಗಿನ ಮರಗೆಲಸಕ್ಕೆ ಸಾಮಾನ್ಯವಾಗಿ ಕಟ್ಟಡ ಪರವಾನಗಿ ಬೇಕಿಲ್ಲ. ಕೋಣೆ ಸೇರಿಸುವುದು, ಮೇಲೆ ಮಹಡಿ ಎತ್ತುವುದು, ಕಟ್ಟಡದ ರಚನೆ ಬದಲಾಯಿಸುವುದಿದ್ದರೆ ಬೇಕು. ಬೆಂಗಳೂರಿನಲ್ಲಿ ಬಿಬಿಎಂಪಿ ಜಾಗದಲ್ಲಿ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳಿವೆ. ನಿಮ್ಮ ಬಡಾವಣೆ ಯಾವುದಕ್ಕೆ ಸೇರುತ್ತದೆಂದು ತಿಳಿದುಕೊಳ್ಳಿ. ಬೇರೆಡೆ ಮಹಾನಗರ ಪಾಲಿಕೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಖಾತೆಯಲ್ಲಿ ತೊಡಕಿದ್ದರೆ ಅದನ್ನು ಮೊದಲು ಬಿಡಿಸಿಕೊಳ್ಳಿ.

ಅಪಾರ್ಟ್‌ಮೆಂಟಾದರೆ ಅಸೋಸಿಯೇಶನ್ನಿನ ಲಿಖಿತ ಒಪ್ಪಿಗೆ, ಡಿಪಾಸಿಟ್, ಒಡೆಯುವ ಸದ್ದಿಗೆ ನಿಗದಿಯಾದ ಸಮಯ, ಸಾಮಾನು ಸಾಗಿಸುವ ಲಿಫ್ಟ್ ಇವೆಲ್ಲ ಕೆಲಸದ ದಿನಗಳನ್ನು ನೇರವಾಗಿ ಹೆಚ್ಚಿಸುತ್ತವೆ. ಒಡೆದ ಇಟ್ಟಿಗೆ, ಗಾರೆಯನ್ನು ಕೆರೆಯಂಚಿಗೋ ಖಾಲಿ ಸೈಟಿಗೋ ಸುರಿಸಬೇಡಿ. ಅದು ಅಪರಾಧ, ಊರಿಗೂ ದ್ರೋಹ. ತ್ಯಾಜ್ಯ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗುತ್ತಿಗೆಯಲ್ಲೇ ಬರೆಸಿ.

ಕೆಲಸದ ಕ್ರಮ, ಕಾಲ

ಒಡೆಯುವುದು, ಗೋಡೆ ಕಟ್ಟುವುದು, ಪೈಪು ಮತ್ತು ವೈರಿನ ಕೊಳವೆ, ವಾಟರ್‌ಪ್ರೂಫಿಂಗ್, ಪ್ಲಾಸ್ಟರ್, ಟೈಲ್ಸ್, ಮರಗೆಲಸ, ಬಣ್ಣ, ಕೊನೆಗೆ ಲೈಟು ಮತ್ತು ನಲ್ಲಿ. ಈ ಸರಣಿ ಹಿಂದುಮುಂದಾದರೆ ಒಬ್ಬರ ಕೆಲಸವನ್ನು ಇನ್ನೊಬ್ಬರು ಕೆಡಿಸುತ್ತಾರೆ. ನಡುವೆ ಮೂರು ಕಡೆ ಅವಸರ ಮಾಡುವಂತಿಲ್ಲ. ಪೈಪುಗಳನ್ನು ಮುಚ್ಚುವ ಮೊದಲು ಒತ್ತಡ ಕೊಟ್ಟು ಪರೀಕ್ಷಿಸಬೇಕು. ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ ನೀರು ನಿಲ್ಲಿಸಿ ಒಂದೆರಡು ದಿನ ಕೆಳಗೆ, ಪಕ್ಕದಲ್ಲಿ ತೇವ ಬರುತ್ತದೆಯೇ ನೋಡಬೇಕು. ಹೊಸ ಕಾಂಕ್ರೀಟಿಗೆ ಒಪಿಸಿ ಸಿಮೆಂಟಾದರೆ ಕನಿಷ್ಠ 7 ದಿನ, ಪಿಪಿಸಿಯಾದರೆ 10 ದಿನ ನೀರುಣಿಸಬೇಕು. ಪ್ಲಾಸ್ಟರಿಗೂ ಒಂದು ವಾರವಾದರೂ ನೀರು ಬೇಕು, ಅದು ಒಣಗಿದ ಮೇಲಷ್ಟೇ ಬಣ್ಣ.

ಗೋಡೆ ಮುಚ್ಚುವ ಮುನ್ನ ಪೈಪು, ವೈರು ಹೋದ ದಾರಿಯ ಪಕ್ಕ ಟೇಪು ಹಿಡಿದು ಫೋಟೊ ತೆಗೆದಿಡಿ. ಮುಂದೆ ಮೊಳೆ ಹೊಡೆಯುವಾಗ, ಸೋರಿಕೆ ಹುಡುಕುವಾಗ ಆ ಫೋಟೊಗಳೇ ದಾರಿ ತೋರಿಸುತ್ತವೆ.

ತಾರಸಿ ಮತ್ತು ಹೊರಗೋಡೆಯ ಕೆಲಸ ಜೂನ್ ಮಳೆಗೆ ಮೊದಲೇ ಮುಗಿಯಬೇಕು. ಕರಾವಳಿ, ಮಲೆನಾಡಿನಲ್ಲಂತೂ ದೀಪಾವಳಿ ಕಳೆದು ಶುರು ಮಾಡಿ ಏಪ್ರಿಲ್ ಒಳಗೆ ಮುಗಿಸುವುದು ಕ್ಷೇಮ. ಹಬ್ಬಗಳ ಲೆಕ್ಕವೂ ಇರಲಿ: ಯುಗಾದಿ, ದಸರಾಕ್ಕೆ ನಮ್ಮ ಕಡೆಯ ಕೆಲಸಗಾರರು ಊರಿಗೆ ಹೋಗುತ್ತಾರೆ, ಹೋಳಿ, ಛಠ್ ಹಬ್ಬಕ್ಕೆ ಉತ್ತರದಿಂದ ಬಂದ ಬಡಗಿಗಳು, ಟೈಲ್ಸ್‌ನವರು ಹೊರಡುತ್ತಾರೆ.

ಹಣ ಕೊಡುವ ಶಿಸ್ತು

ದಿನಾಂಕ ನೋಡಿ ಹಣ ಕೊಡಬೇಡಿ, ಮುಗಿದ ಕೆಲಸ ನೋಡಿ ಕೊಡಿ. ಶುರುವಿಗೆ ಸಣ್ಣ ಅಡ್ವಾನ್ಸ್, ಆಮೇಲೆ ಪೈಪು ಪರೀಕ್ಷೆಯಾದಾಗ, ಟೈಲ್ಸ್ ಮುಗಿದಾಗ, ಮರಗೆಲಸ ಮುಗಿದಾಗ, ಹೀಗೆ ಹಂತ ಗೊತ್ತು ಮಾಡಿ ಒಪ್ಪಂದದಲ್ಲಿ ಬರೆಯಿರಿ. ಕೊನೆಯ ಶೇ 5ನ್ನು ಲೋಪದೋಷಗಳೆಲ್ಲ ಸರಿಯಾಗುವವರೆಗೆ ಉಳಿಸಿಕೊಳ್ಳಿ. ಅದರ ಜತೆಗೆ, ಹಂತ ಮುಗಿದ ಕೂಡಲೇ ಕೊಡಬೇಕಾದದ್ದನ್ನು ತಡಮಾಡದೆ ಕೊಡಿ. ವಾರದ ಬಟವಾಡೆ ನಂಬಿ ಬದುಕುವವರು ಮೇಸ್ತ್ರಿಯ ಹಿಂದೆ ಹತ್ತಾರು ಜನ ಇರುತ್ತಾರೆ.

ಏನಾದರೂ ಬದಲಾವಣೆ ಬೇಕಾದರೆ ಬಾಯಿಮಾತಿನಲ್ಲಿ ಹೇಳಬೇಡಿ. ಏನು ಬದಲಾಗುತ್ತದೆ, ಎಷ್ಟು ಹಣ, ಎಷ್ಟು ದಿನ ಹೆಚ್ಚು, ಈ ಮೂರನ್ನೂ ವಾಟ್ಸ್ಯಾಪಿನಲ್ಲಾದರೂ ಬರೆದು, ಇಬ್ಬರೂ ಒಪ್ಪಿದ ಮೇಲೆಯೇ ಕೆಲಸ ಶುರುವಾಗಲಿ. ಮನೆಯ ಕಡೆಯಿಂದ ಸೂಚನೆ ಕೊಡುವವರು ಒಬ್ಬರೇ ಇರಲಿ. ಅಪ್ಪ ಒಂದು, ಮಗಳು ಇನ್ನೊಂದು ಹೇಳಿದರೆ ಮೇಸ್ತ್ರಿ ಎರಡನ್ನೂ ಮಾಡಿ, ಎರಡಕ್ಕೂ ಬಿಲ್ ಕೊಡುತ್ತಾರೆ. ವಾರಕ್ಕೊಮ್ಮೆ ಡಿಸೈನರ್ ಜತೆ ಕೂತು ಮೀಸಲು ಹಣ ಎಷ್ಟು ಕರಗಿದೆ ನೋಡಿ. ಅರ್ಧ ಕೆಲಸವಾಗುವ ಹೊತ್ತಿಗೆ ಮೀಸಲು ಮುಕ್ಕಾಲು ಕರಗಿದ್ದರೆ, ವಾರ್ಡ್‌ರೋಬ್ ಮುಂದೂಡುವ ತೀರ್ಮಾನವನ್ನು ಆಗಲೇ ಮಾಡಬೇಕು.

ಕೆಲಸ ಮುಗಿದ ದಿನ ಪ್ರತಿ ನಲ್ಲಿ, ಪ್ರತಿ ಸ್ವಿಚ್ಚು, ಪ್ರತಿ ಬಾಗಿಲನ್ನು ಡಿಸೈನರ್ ಎದುರು ತೆರೆದು ಮುಚ್ಚಿ ನೋಡಿ, ಸರಿಯಿಲ್ಲದ್ದನ್ನು ಪಟ್ಟಿ ಮಾಡಿ. ಕೊನೆಯ ಕಂತು ಕೊಡುವ ಮೊದಲು ಅಂತಿಮ ನಕ್ಷೆ, ಪೈಪು ಮತ್ತು ವೈರಿನ ಫೋಟೊ, ಬಣ್ಣದ ಸಂಖ್ಯೆ, ವಾಟರ್‌ಪ್ರೂಫಿಂಗ್ ಗ್ಯಾರಂಟಿ, ಎಲ್ಲ ಬಿಲ್ಲುಗಳನ್ನು ಒಂದು ಕಡತದಲ್ಲಿ ಪಡೆದುಕೊಳ್ಳಿ. ಮುಂದೆಂದಾದರೂ ಮನೆ ಮಾರಿದರೆ, ಬಂಡವಾಳ ಲಾಭದ ತೆರಿಗೆ ಲೆಕ್ಕದಲ್ಲಿ ಮನೆಯನ್ನು ಸುಧಾರಿಸಲು ಮಾಡಿದ ಬಂಡವಾಳ ಖರ್ಚನ್ನು ತೋರಿಸಲು ಆ ಬಿಲ್ಲುಗಳು ಬೇಕು. ಮಾರದಿದ್ದರೂ, ಹತ್ತಿಪ್ಪತ್ತು ವರ್ಷದ ಮೇಲೆ ಇದೇ ಮನೆಯನ್ನು ಮತ್ತೆ ಸರಿಪಡಿಸಲು ನಿಲ್ಲುವ ನಿಮ್ಮ ಮಕ್ಕಳು ಗೋಡೆಯೊಳಗೆ ಏನಿದೆ ಎಂದು ಊಹಿಸುತ್ತ ಒಡೆಯಬೇಕಿಲ್ಲ. ಕಡತ ತೆರೆದು ನೋಡಿದರೆ ಸಾಕು.